ಉಸಿರು ಹಿಡಿದವರು

ಇವತ್ತು ತಲೆಯ ಮೇಲೆ ನೀರು ಹಾಕಬಾರದು, ಹೆಗಲಿಗೆ ಹಾಕಿ ಮುಗಿಸಿಬಿಡಬೇಕು ಎಂದುಕೊಂಡೇ ವೀರೇಶ ಬಚ್ಚಲಿಗೆ ಕಾಲಿಟ್ಟ. ನಿನ್ನೆಯೂ ಹಾಗೇ ಅಂದುಕೊಂಡಿದ್ದ. ಹಂಡೆಯ ನೀರು ಹಬೆಯಾಡುತ್ತಿತ್ತು. ಮಣೆಯ ಮೇಲೆ ಅಪ್ಪ ಅಂದಾನಪ್ಪ ಗೋಡೆಗೆ ಆನಿಕೊಂಡು ಕುಳಿತಿದ್ದ. ಲಕ್ವಾ ಹೊಡೆದ ಬಲಗೈ ಯಾರೋ ಮರೆತು ಬಿಟ್ಟುಹೋದ ವಸ್ತುವಿನಂತೆ ತೊಡೆಯ ಮೇಲೆ ಬಿದ್ದಿತ್ತು. ಎಡಗೈ ಮಾತ್ರ ಮಣೆಯ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು. ಮೊದಲ ತಂಬಿಗೆ ಹೆಗಲಿಗೆ. ಎರಡನೆಯದೂ ಹೆಗಲಿಗೇ. ಇಷ್ಟು ಸುಲಭವಿರುವುದಕ್ಕೆ ದಿನವೂ ಯಾಕೆ ಹೆದರುತ್ತೇನೆ ಎಂದುಕೊಳ್ಳುವಷ್ಟರಲ್ಲಿ ಕೈ ಮೇಲಕ್ಕೆ ಹೋಯಿತು. ನೀರು ಬೋಳು ನೆತ್ತಿಯಿಂದ ಹಣೆ, ಕಣ್ಣು, ಮೂಗು ಎಲ್ಲವನ್ನೂ ಮುಚ್ಚಿಕೊಂಡು ಇಳಿಯಿತು. ಅಪ್ಪ ಕಣ್ಣು ಬಿಗಿದು ಬಾಯಿ ತೆರೆದ. ತೆರೆದ ಬಾಯಿಗೆ ಉಸಿರು ಬರುವ ಮೊದಲೇ ಇನ್ನೊಂದು ತಂಬಿಗೆ. ಅದರ ಹಿಂದೆಯೇ ಮತ್ತೊಂದು. ವೀರೇಶನ ಎದೆಯೊಳಗೆ ಬಿಗಿದುಕೊಂಡಿದ್ದ ಗಂಟು ಮೆಲ್ಲಗೆ ಸಡಿಲಾಯಿತು. ಅದಕ್ಕೆ ಏನು ಹೆಸರು ಎಂದು ಅವನು ಮೊದಮೊದಲು ತಡಕಾಡಿದ್ದ. ಅವಸರ, ಬೇಸರ, ಶಾಲೆಗೆ ತಡವಾಗುವ ಸಿಟ್ಟು ಎಂದೆಲ್ಲ ಕರೆದು ನೋಡಿದ್ದ. ಒಂದು ಬೆಳಿಗ್ಗೆ ಇದೇ ಹಂಡೆಯ ಮುಂದೆ ಸರಿಯಾದ ಹೆಸರು ತಾನಾಗಿ ಬಂದಿತ್ತು: ಸುಖ. ಅವತ್ತಿನಿಂದ ಅವನಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ.

"ಒಂದ... ಎರಡ..." ಎಂದ ಅಂದಾನಪ್ಪ, ನೀರು ಉಗುಳುತ್ತ. ಆಮೇಲೆ ಕೆಮ್ಮು ಹತ್ತಿತು.

"ಏನಾತ್ರಿ?" ಅಡುಗೆಮನೆಯಿಂದ ಹೆಂಡತಿ ಕಸ್ತೂರಿ ಕೇಳಿದಳು.

"ಮೂಗಿನ್ಯಾಗ ನೀರ ಹೋತು. ಏನಿಲ್ಲ."

ತಿರುಗಿ ನೋಡಿದರೆ ಬಾಗಿಲಲ್ಲಿ ಮಗಳು ಸಪ್ನಾ ನಿಂತಿದ್ದಳು. ಒಂದು ಜಡೆ ಹಾಕಿ ಆಗಿತ್ತು, ಇನ್ನೊಂದು ಬಿಚ್ಚಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಾಳೋ. "ಪಪ್ಪಾ, ಅಜ್ಜಗ ಉಸರಾಡಾಕ ಬಿಡು" ಎಂದಳು, ಪೆನ್ಸಿಲು ಕೇಳುವಷ್ಟೇ ಸಹಜವಾಗಿ.

"ನಡಿ ಒಳಗ!" ಎಂದ ವೀರೇಶ. ಆ ದನಿ ಕೇಳಿ ಅಪ್ಪನೂ ಬೆಚ್ಚಿ ತಲೆ ಎತ್ತಿದ. ತನ್ನ ದನಿಯನ್ನು ಎಲ್ಲೋ ಮೊದಲು ಕೇಳಿದ್ದೇನೆ ಎನ್ನಿಸಿತು ವೀರೇಶನಿಗೆ, ತನ್ನ ಬಾಯಿಯಿಂದಲ್ಲ, ಹೊರಗಿನಿಂದ, ಮೇಲಿನಿಂದ.

ಅಂದಾನಪ್ಪನ ಮಾತು ಹೋಗಿ ವರ್ಷದ ಮೇಲಾಗಿತ್ತು. ಹೆಂಡತಿಯ ಹೆಸರು, ಮಗನ ಹೆಸರು, ಅನ್ನ, ನೀರು, ಯಾವುದೂ ಅವನ ನಾಲಿಗೆಗೆ ಬರುತ್ತಿರಲಿಲ್ಲ. ಉಳಿದದ್ದು ಎಣಿಕೆ ಒಂದೇ. ಬಾಯಿಪಾಠವಾದದ್ದು ಕೆಲವರಿಗೆ ಹೀಗೆ ಉಳಿದುಬಿಡುತ್ತದೆ ಎಂದು ಬಾಗಲಕೋಟೆಯ ಡಾಕ್ಟರು ಹೇಳಿದ್ದರು. ಜೀವಮಾನವೆಲ್ಲ ಎಳೆ ಎಣಿಸಿದವನಲ್ಲವೇ ಎಂದು ಇಳಕಲ್ಲಿನ ಅವರ ಓಣಿಯ ನೇಕಾರರು ಕಣ್ಣೊರೆಸಿಕೊಂಡಿದ್ದರು. ಹಸಿವಾದರೆ ಎಣಿಸುತ್ತಿದ್ದ, ಸಂತೋಷವಾದರೆ ಎಣಿಸುತ್ತಿದ್ದ. ಸಪ್ನಾಳಿಗೆ ಅದೊಂದು ಆಟ. ಅಜ್ಜನ ಮುಂದೆ ಕುಳಿತು ಬೆರಳು ಮಡಿಸುತ್ತ ಅವನ ಜೊತೆ ಎಣಿಸುವಳು, ಅವನು ತಪ್ಪಿದರೆ ನಗುವಳು, ಅವನೂ ಅರ್ಧ ಬಾಯಿಯಿಂದ ನಗುವನು. ಆ ಹೊತ್ತಿಗೆ ಎದ್ದು ಹೊರಗೆ ಹೋಗುವವನು ವೀರೇಶ ಒಬ್ಬನೇ. ಪಕ್ಕದ ಮನೆಯ ಪವರ್‌ಲೂಮಿನ ಗದ್ದಲದಲ್ಲಿ ನಿಂತರೆ ಆ ಎಣಿಕೆ ಕೇಳಿಸುತ್ತಿರಲಿಲ್ಲ. ಕೇಳಿಸಿದರೆ, ಎಷ್ಟೇ ಬಿಸಿಲಿರಲಿ, ಕಿವಿಯ ಮೇಲೆ ತಣ್ಣನೆಯ ನೀರು ಒತ್ತಿಕೊಂಡಂತಾಗುವುದು. ನೀರಿನೊಳಗೆ ಎಣಿಕೆ ಬೇರೆ ಥರ ಕೇಳುತ್ತದೆ. ಮಾತಾಗಿ ಕೇಳುವುದಿಲ್ಲ, ಗೋಡೆಯ ಆಚೆ ಯಾರೋ ಒನಕೆ ಕುಟ್ಟಿದ ಹಾಗೆ ದಪ್ಪಗೆ ಕೇಳುತ್ತದೆ. ತೋಟದ ಬಾವಿಯ ಮೆಟ್ಟಿಲ ಮೇಲೆ ಅಪ್ಪ ಮೊಣಕಾಲೂರಿ ಕುಳಿತಿದ್ದಾನೆ. ಅವನ ಕೈ ಹುಡುಗನ ಹಿಂಗತ್ತಿನ ಮೇಲಿದೆ. ಹುಡುಗ ವೀರೇಶನಿಗೆ ಎಂಟೋ ಒಂಬತ್ತೋ ವರ್ಷ. ಒಂದ. ಎರಡ. ನೀರು ಹಸಿರಾಗಿದೆ, ಕೆಳಕ್ಕೆ ಹೋದಂತೆ ಕಪ್ಪಾಗಿದೆ. ತಡೆಯಲಾರದೆ ಹುಡುಗ ಒದ್ದಾಡಿ ತಲೆ ಮೇಲೆತ್ತಿದರೆ ಅಪ್ಪ ಬೈಯುವುದಿಲ್ಲ, ಹೊಡೆಯುವುದಿಲ್ಲ. "ಮೊದಲಿಂದ" ಎನ್ನುತ್ತಾನೆ, ಅಷ್ಟೇ. ಮತ್ತೆ ಒಂದರಿಂದ. ಎಲ್ಲಿಯವರೆಗೆ ಎಣಿಸಿದರೆ ಮುಗಿಯುತ್ತದೆ ಎಂಬುದು ಅಪ್ಪನಿಗೆ ಮಾತ್ರ ಗೊತ್ತು, ಮತ್ತು ಅದು ದಿನಕ್ಕೊಂದು ಬಗೆ. ಅವ್ವ ಮುತ್ತವ್ವ ಆಚೆ ಬದಿಯ ಮೆಟ್ಟಿಲಲ್ಲಿ ಬೆನ್ನು ತಿರುಗಿಸಿ ಬಟ್ಟೆ ಒಗೆಯುತ್ತಿದ್ದಾಳೆ.

"ಟ್ರ್ಯಾಕ್ಸ್ ಗಾಡಿ ಬಂತು ನೋಡ್ರಿ" ಎಂದಳು ಕಸ್ತೂರಿ. ಅವನ ಕೈಯಲ್ಲಿ ಒದ್ದೆ ಟವೆಲು ಇನ್ನೂ ಇತ್ತು. ಅಪ್ಪನಿಗೆ ಅಂಗಿ ಹಾಕಿ ಕೂರಿಸಿದ್ದು ಯಾವಾಗ ಎಂದು ನೆನಪಾಗಲಿಲ್ಲ. ಇತ್ತೀಚೆಗೆ ಹೀಗೆ ನಡುನಡುವೆ ಹೊತ್ತು ಕಾಣೆಯಾಗುತ್ತಿತ್ತು. ಕಾಣೆಯಾದ ಹೊತ್ತಿನಲ್ಲಿ ಕೈ ಏನು ಮಾಡಿತ್ತು ಎಂಬುದೇ ಅವನ ಹೆದರಿಕೆ.

ಬನಶಂಕರಿಗೆ ಹೊರಟಿದ್ದರು. ಮಾವ ಸ್ವಂತ ಕಾಲ ಮೇಲೆ ನಿಂತರೆ ದೇವಿಯ ಹೊಂಡದಲ್ಲಿ ಮುಳುಗಿಸಿ ಉಡಿ ತುಂಬುತ್ತೇನೆ ಎಂದು ಕಸ್ತೂರಿ ಹರಕೆ ಹೊತ್ತಿದ್ದಳು. ಹೋದ ತಿಂಗಳು ಅಂದಾನಪ್ಪ ಗೋಡೆ ಹಿಡಿದು ನಿಂತೇಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು, ವೀರೇಶನೂ ತಟ್ಟಿದ. ಹರಕೆಯ ವಿಷಯ ಗೊತ್ತಾದ ಮೇಲೆ, "ತೀರ್ಥ ತಲಿ ಮ್ಯಾಲೆ ಚಿಮಕಿಸಿದ್ರ ನಡೀತೈತಿ. ವಯಸ್ಸಾದವರು, ಥಂಡಿ ಹತ್ತೀತು" ಎಂದು ಹೇಳಿ ನೋಡಿದ್ದ.

"ಹಂಗ ಬರೂದಿಲ್ರಿ. ಮಗನ ಕೈಲೆ ಮುಳುಗಸ್ತೇನಿ ಅಂತನ ಬೇಡಕೊಂಡೇನಿ" ಎಂದಿದ್ದಳು ಕಸ್ತೂರಿ. "ನೀವು ದಿನಾ ಅವರಿಗೆ ಜಳಕಾ ಮಾಡಸೂದ ನೋಡಿ ಓಣ್ಯಾಗ ಮಂದಿ ಏನಂತಾರ ಗೊತ್ತೈತೇನು? ಮಗ ಇದ್ರ ಇಂಥಾವ ಇರಬೇಕು ಅಂತಾರ."

ಬಾಡಿಗೆಗೆ ಕರೆದ ಹುಲ್ಲಪ್ಪನ ಟ್ರ್ಯಾಕ್ಸು ಗುಡೂರು ದಾಟುವಾಗ ವೀರೇಶ ತಾನು ಕಲಿಸುವ ಶಾಲೆಯತ್ತ ನೋಡಲಿಲ್ಲ. ರಜೆ ಹಾಕಿದ್ದಕ್ಕೆ ಹೆಡ್‌ಮಾಸ್ತರು ಕಾರಣ ಕೇಳಿದ್ದರು. ತಂದೆಗೆ ಹೊಂಡದಲ್ಲಿ ಸ್ನಾನ ಮಾಡಿಸಬೇಕು ಎಂದಾಗ ಅಲ್ಲಿ ಕುಳಿತಿದ್ದವರೆಲ್ಲ ನಕ್ಕಿದ್ದರು. ಎರಡು ವರ್ಷದ ಹಿಂದೆ ಮಾಸ್ತರರೆಲ್ಲ ಕೂಡಲಸಂಗಮಕ್ಕೆ ಹೋದಾಗ ಅವನು ಹೊಳೆಗಿಳಿಯದೆ ಮೇಲಿನ ಮೆಟ್ಟಿಲಲ್ಲಿ ಚಪ್ಪಲಿ ಕಾಯುತ್ತ ಕುಳಿತಿದ್ದ. ಯಾರೋ ಹಿಂದಿನಿಂದ ಬಂದು ತಮಾಷೆಗೆ ಒಂದು ಕೊಡ ನೀರು ತಲೆಯ ಮೇಲೆ ಸುರಿದಿದ್ದರು. ಆಗ ಅವನ ಬಾಯಿಂದ ಹೊರಟ ಚೀರಾಟಕ್ಕೆ ದಂಡೆಯ ಹೆಂಗಸರೆಲ್ಲ ತಿರುಗಿ ನೋಡಿದ್ದರು. ಧೋತರ ಒದ್ದೆಯಾಗಿತ್ತು, ನೀರಿನಿಂದ ಮಾತ್ರವಲ್ಲ. ಅದು ಯಾರಿಗೂ ಗೊತ್ತಾಗದಿರಲಿ ಎಂದು ಅವನೇ ಮೆಟ್ಟಿಲಿಳಿದು ಮೊಣಕಾಲು ನೀರಿನಲ್ಲಿ ಹೋಗಿ ಕುಳಿತುಬಿಟ್ಟಿದ್ದ. ಈಗ ಮುಂದೆ ಕುಳಿತ ಅಪ್ಪನ ಹಿಂಗತ್ತು ಟ್ರ್ಯಾಕ್ಸಿನ ಕುಲುಕಾಟಕ್ಕೆ ಅತ್ತಿತ್ತ ಆಡುತ್ತಿತ್ತು. ತೆಳ್ಳಗಿನ ಕತ್ತು. ಒಂದು ಕೈಗೆ ಸಾಕು. ಹಾಗೆಂದು ಯೋಚಿಸಿದ್ದು ತಾನೇ ಎಂದು ತಿಳಿದು ವೀರೇಶ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕುಳಿತ. ಪಟ್ಟದಕಲ್ಲಿನ ಹತ್ತಿರ ಮಲಪ್ರಭೆ ಕಂಡಿತು. ಶ್ರಾವಣದ ಕೆಂಪು ನೀರು ತುಂಬಿ ಹೋಗುತ್ತಿತ್ತು. "ಹೊಳಿ! ಹೊಳಿ!" ಎಂದು ಸಪ್ನಾ ಕಿಟಕಿಗೆ ಜೋತು ಬಿದ್ದಳು. ಮಗಳಿಗೆ ಅವನು ಒಂದು ದಿನವೂ ಸ್ನಾನ ಮಾಡಿಸಿದವನಲ್ಲ. ಕೂಸಾಗಿದ್ದಾಗ ಕೂಡ. ಗಂಡಸಿಗೆ ಮುಜುಗರ ಎಂದು ಕಸ್ತೂರಿ ತಿಳಿದುಕೊಂಡಿದ್ದಳು.

ಪಕ್ಕದಲ್ಲಿ ಅವ್ವ ಎಲೆಯಡಿಕೆ ಅಗಿಯುತ್ತ ಕುಳಿತಿದ್ದಳು. ಕಾಲೇಜಿನಲ್ಲಿದ್ದಾಗ ಒಮ್ಮೆ, ಒಮ್ಮೆ ಮಾತ್ರ, ಅವಳನ್ನು ಬಾವಿಯ ಬಗ್ಗೆ ಕೇಳಿದ್ದ. ಅವಳು ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸದೆ, "ಅಂಥಾದ್ದೇನ ಆಗಿಲ್ಲ. ನಿನಗ ಈಸ ಕಲಸಾಕ ಕರಕೊಂಡ ಹೋಗಿದ್ರ, ನೀ ಕಾಲ ಜಾರಿ ಬಿದ್ದಿದ್ದಿ" ಎಂದಿದ್ದಳು. ಎಷ್ಟು ಸರಾಗವಾಗಿ ಹೇಳಿದ್ದಳೆಂದರೆ, ಅವತ್ತಿನಿಂದ ಬಾವಿಯ ನೆನಪಿನಲ್ಲಿ ಒಂದು ಜಾರುವ ಮೆಟ್ಟಿಲು ಕೂಡ ಸೇರಿಕೊಂಡಿತ್ತು. ಎರಡೂ ಕಾಣುತ್ತಿದ್ದವು: ಹಿಂಗತ್ತಿನ ಮೇಲಿನ ಕೈ, ಪಾಚಿಗಟ್ಟಿದ ಮೆಟ್ಟಿಲು. ಅವ್ವ ಹೇಳಿದ್ದು ಖರೆಯಾದರೆ, ಏನೂ ಮಾಡದ ಮುದುಕನನ್ನು ತಾನು ದಿನವೂ ಹಿಂಸಿಸುತ್ತಿರುವ ಹುಚ್ಚ. ಅದು ಖರೆ ಅಲ್ಲವಾದರೆ? ಅಲ್ಲವಾದರೆ ತನ್ನ ಕೈಗೊಂದು ಕಾರಣ ಸಿಕ್ಕಂತಾಯಿತು. ಕಾರಣ ಸಿಕ್ಕ ಕೈ ಎಲ್ಲಿ ನಿಂತೀತು? ಆದ್ದರಿಂದ ಅವನು ಹುಚ್ಚನಾಗಿರುವುದನ್ನೇ ಬಯಸುತ್ತಿದ್ದ.

ಬನಶಂಕರಿಯಲ್ಲಿ ಅಕ್ಕ ಶಂಕ್ರವ್ವ ಕೆರೂರಿನಿಂದ ಬಸ್ಸಿಗೆ ಬಂದು ಹೊಂಡದ ಮಂಟಪದ ನೆರಳಲ್ಲಿ ಕಾಯುತ್ತಿದ್ದಳು. ವಿಶೇಷದ ದಿನವಲ್ಲ, ಜನ ತೆಳುವಾಗಿತ್ತು. ರೊಟ್ಟಿ, ಮೊಸರು ಮಾರುವ ಹೆಂಗಸರು ಬುಟ್ಟಿ ಮುಂದಿಟ್ಟುಕೊಂಡು ಕರೆಯುತ್ತಿದ್ದರು. ಹುಲ್ಲಪ್ಪ ಮತ್ತು ವೀರೇಶ ಅಂದಾನಪ್ಪನನ್ನು ಎತ್ತಿ ತಂದು ಕಂಬಕ್ಕೆ ಆನಿಸಿ ಕೂರಿಸಿದರು. ಕಸ್ತೂರಿ ಅತ್ತೆಯನ್ನೂ ಮಗಳನ್ನೂ ಕಟ್ಟಿಕೊಂಡು ಪೂಜಾರಿಯನ್ನು ಕರೆಯಲು ಹೋದಳು. ಹುಲ್ಲಪ್ಪ ಬೀಡಿ ಸೇದಲು ಸರಿದ. ಅಕ್ಕ ತಮ್ಮ ಇಬ್ಬರೇ ಉಳಿದರು, ನಡುವೆ ಅಪ್ಪ. ಅವನು ನೀರನ್ನೇ ನೋಡುತ್ತಿದ್ದ.

ಅಕ್ಕನ ಹತ್ತಿರ ಇದನ್ನು ಎಂದೂ ಕೇಳಿರಲಿಲ್ಲ. ಅವಳು ಅವನಿಗಿಂತ ಮೂರು ವರ್ಷ ದೊಡ್ಡವಳು, ಬೇಗ ಮದುವೆಯಾಗಿ ಹೋದವಳು, ಬಂದಾಗಲೆಲ್ಲ ಬೇರೆ ಮಾತಿರುತ್ತಿತ್ತು. ಈಗ ಅವನು ಸ್ವಲ್ಪ ದೂರ ಕರೆದು, ಹೊಂಡದ ಕಡೆ ಬೆನ್ನು ಮಾಡಿ ನಿಂತು, "ಅಕ್ಕಾ, ತ್ವಾಟದ ಬಾವಿ ನೆನಪೈತೇನು?" ಎಂದ.

ಶಂಕ್ರವ್ವ ಸೆರಗು ಹೊದ್ದುಕೊಂಡಳು. "ಈಗ್ಯಾಕ ಕೇಳ್ತಿ?"

"ನೆನಪೈತಿ ಅಂತ ಹೇಳು. ಇಲ್ಲಾ, ಇಲ್ಲ ಅಂತ ಹೇಳು."

"ಟವೆಲ್ಲ ನನ್ನ ಕೈಯಾಗಿರತಿತ್ತು" ಎಂದಳು.

ಅವನ ನೆನಪಿನ ಮೆಟ್ಟಿಲುಗಳಲ್ಲಿ ಎಲ್ಲಿಯೂ ಅಕ್ಕ ಇರಲಿಲ್ಲ.

"ಅಪ್ಪ ನನ್ನ ಮ್ಯಾಲಿನ ಪಾವಟಿಗಿ ಮ್ಯಾಲೆ ನಿಂದರಸತಿದ್ದ. ಮುಗದ ಮ್ಯಾಲೆ ನಿನ್ನ ಒರಸೂದ ನನ್ನ ಕೆಲಸ. ನೀ ನಡಗತಿದ್ದಿ, ಹಲ್ಲ ಕಡಕಡ ಅಂತಿದ್ವು. ನನಗ..." ಅವಳು ಸುತ್ತ ನೋಡಿದಳು. "ನನಗ ಖುಷಿ ಆಗತಿತ್ತೊ ತಮ್ಮಾ. ನಾ ಅಲ್ಲಲ್ಲಾ ಅಂತ. ಯಾರಿಗೂ ಹೇಳಿಲ್ಲ ಇದನ್ನ. ಇವತ್ತಿಗೂ ನಾ ತಲಿ ಮ್ಯಾಲೆ ನೀರ ಹಾಕೊಳ್ಳೂದಿಲ್ಲ, ನಮ್ಮ ಹುಡುಗೂರಿಗೆ ಒದ್ದಿ ಅರಿವಿಲೆ ಒರಸಿ ದೊಡ್ಡವರ ಮಾಡೇನಿ. ಅತ್ತಿ ಮನ್ಯಾಗ ಹೊಲಸಿ ಅಂದ್ರು. ಅಂದ್ರ ಅನ್ನಲಿ."

"ಯಾಕ ಮಾಡತಿದ್ದ?"

"ಯಾಕ ಅಂದ್ರ? ಸಾವ್ಕಾರ ಅಂಗಡ್ಯಾಗ ನಾಕ ಮಂದಿ ಮುಂದ ಅಪ್ಪ ನೇದ ಸೀರಿ ಹರವಿ, ಸೆರಗ ಒಡಲ ಕೂಡೂವಲ್ಲಿ ಎಳಿ ತಪ್ಪೇತಿ ಅಂತ ನಕ್ಕ ದಿನ ಅಪ್ಪ ಹಂಗ ಮಾಡತಿದ್ದ. ಸಾವ್ಕಾರ ಛಲೋ ಐತಿ ಅಂದ ದಿನಾನೂ ಒಮ್ಮೆ ಮಾಡಿದ. ನಾ ಭಾಳ ವರ್ಷ ಲೆಕ್ಕಾ ಹಾಕಿದ್ನಿ, ತಿಳೀಲಿಲ್ಲ. ಬಿಟ್ಟನಿ."

ಹಾಗಾದರೆ ಬಾವಿಯ ನೆನಪೇ ಖರೆ. ವೀರೇಶ ಕಂಬಕ್ಕೆ ಕೈ ಊರಿದ. ಇಷ್ಟು ವರ್ಷ ಸಾಕ್ಷಿ ಸಿಕ್ಕರೆ ಹಗುರಾಗುತ್ತೇನೆಂದು ಒಳಗೊಂದು ಕಡೆ ನಂಬಿದ್ದ, ಹಗುರಾಗಲಿಲ್ಲ. ಮೆಟ್ಟಿಲ ಪಾಚಿ ತೊಳೆದು ಹೋಯಿತು, ಕೈ ಒಂದೇ ಉಳಿಯಿತು. ಅದು ಅಪ್ಪನದೋ ತನ್ನದೋ ಎಂದು ಬೇರೆಬೇರೆ ಮಾಡಲು ಬಾರದಂತೆ ಉಳಿಯಿತು. "ಅಕ್ಕಾ, ನಾ ಇಂವನ್ನ ನೀರಿಗೆ ಇಳಸಬಾರದು" ಎಂದ. "ಯಾಕ ಅಂತ ಕೇಳಬ್ಯಾಡ. ಮನ್ಯಾಗ ದಿನಾ... ಏನರ ಹೇಳಿ ತಪ್ಪಸು."

ಶಂಕ್ರವ್ವ ಅವನ ಮುಖವನ್ನು ನೋಡಿದಳು. ಅವಳಿಗೆ ಬೇರೆ ಯಾವ ಮಾತೂ ಬೇಕಾಗಲಿಲ್ಲ. ಅಷ್ಟರಲ್ಲಿ ಕಸ್ತೂರಿ, ಅವ್ವ, ಪೂಜಾರಿ ಎಲ್ಲ ಬಂದುಬಿಟ್ಟರು. "ನಾ ಇಳಸ್ತೇನಿ ಅಪ್ಪನ್ನ, ಹುಲ್ಲಪ್ಪ ಹಿಡೀತಾನ" ಎಂದಳು ಶಂಕ್ರವ್ವ ಅವಸರದಿಂದ.

"ನಿನಗೇನ ಹುಚ್ಚೇನ?" ಎಂದಳು ಮುತ್ತವ್ವ. "ಹೊಟ್ಟಿಲೆ ಹುಟ್ಟಿದ ಮಗ ಎದುರಿಗೆ ನಿಂತಾನ. ಮಗನ ಕೈಲೆ ಅಂತ ಹರಕಿ ಐತಿ."

"ಅಂವಗ ನೀರ ಅಂದ್ರ ಆಗೂದಿಲ್ಲಲ್ಲ ಯವ್ವಾ."

"ಎಳೇ ಹುಡುಗೇನ? ಮಾಸ್ತರ ಅದಾನ" ಎಂದಳು ಅವ್ವ. ಪೂಜಾರಿ ನಕ್ಕರು. ಮೆಟ್ಟಿಲ ಮೇಲೆ ಕುಳಿತಿದ್ದ ಬೇರೆ ಊರಿನ ಜನರೂ ನಕ್ಕರು. ಒಬ್ಬ, "ಇಳೀರಿ ಮಾಸ್ತರ, ಟೊಂಕದ ಮಟ ನೀರೈತಿ ಅಷ್ಟ, ಹೆದರಬ್ಯಾಡ್ರಿ" ಎಂದ. ಆ ನಗುವಿಗೆ ವೀರೇಶನ ಕಿವಿ ಬಿಸಿಯಾಯಿತು. ಆಗಲೇ ಗಟ್ಟಿಯಾಗಿ ಆಗುವುದಿಲ್ಲ ಎಂದಿದ್ದರೆ ಎಂದು ಅವನು ಆಮೇಲೆ ಎಷ್ಟೋ ಸಲ ಯೋಚಿಸಿದ. ಅನ್ನಲಿಲ್ಲ. ನೀರಿಗೆ ಹೆದರುವವನು ಎನ್ನಿಸಿಕೊಳ್ಳುವ ನಾಚಿಕೆ, ಕೊಲೆಗಾರನಾಗುವ ಹೆದರಿಕೆಗಿಂತ ಆ ಗಳಿಗೆಯಲ್ಲಿ ದೊಡ್ಡದಾಗಿತ್ತು. ಅಂಗಿ ಬಿಚ್ಚಿದ. ಅಪ್ಪನನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡ.

ಅಂದಾನಪ್ಪ ಇಷ್ಟು ಹಗುರೆಂದು ಬಚ್ಚಲಲ್ಲಿ ಗೊತ್ತಾಗಿರಲಿಲ್ಲ. ಎಡಗೈಯಿಂದ ಮಗನ ಕೊರಳು ಬಳಸಿ ಹಿಡಿದ. ಮೊದಲ ಮೆಟ್ಟಿಲಲ್ಲಿ ನೀರು ಪಾದ ಮುಟ್ಟಿತು; ಆಮೇಲೆ ಮೀನಖಂಡ, ಮೊಣಕಾಲು. ನೀರು ಏರುತ್ತಿದ್ದಂತೆ ವೀರೇಶನ ಉಸಿರು ಮೇಲ್ಮೇಲಕ್ಕೆ ಬಂತು. ಸೊಂಟ ಮುಳುಗಿದಾಗ ನಿಂತ. ಮೇಲೆ ಕಸ್ತೂರಿ ಅರಿಶಿನದ ಬಟ್ಟಲು ಹಿಡಿದಿದ್ದಳು, ಸಪ್ನಾ ಅವಳ ಸೆರಗು ಹಿಡಿದಿದ್ದಳು. ಅವ್ವ ಕೈ ಮುಗಿದಿದ್ದಳು. "ಮೂರ ಸಲ ಮುಳುಗಸ್ರಿ" ಎಂದರು ಪೂಜಾರಿ. ವೀರೇಶ ಅಪ್ಪನ ಬೆನ್ನಿಗೊಂದು, ಹಿಂಗತ್ತಿಗೊಂದು ಕೈ ಕೊಟ್ಟು ಮುಳುಗಿಸಿ ಎತ್ತಿದ. ಅಪ್ಪನ ಮುಖದಿಂದ ನೀರು ಇಳಿಯಿತು. "ಒಂದ" ಎಂದ ಅಂದಾನಪ್ಪ. ಮೆಟ್ಟಿಲ ಮೇಲಿನ ಜನ ಮೆಚ್ಚಿ, "ಅಜ್ಜ ಲೆಕ್ಕಾ ಇಡಾಕತ್ತಾನ!" ಎಂದರು. ಎರಡನೆಯ ಸಲ. "ಎರಡ" ಎಂದ ಅಂದಾನಪ್ಪ, ಅರ್ಧ ಬಾಯಿಯಿಂದ ನಗುತ್ತ. ಎಲ್ಲರೂ ನಕ್ಕರು. ಕಸ್ತೂರಿ ಕೂಡ ಕಣ್ಣಲ್ಲಿ ನೀರು ತುಂಬಿ ನಕ್ಕಳು. ಮೂರನೆಯ ಸಲ ಮುಖ ಒಳಗೆ ಹೋದ ಮೇಲೆ ವೀರೇಶ ಎತ್ತಲಿಲ್ಲ.

ನೀರು ತಿಳಿಯಾಗಿತ್ತು. ಅಪ್ಪನ ಕಣ್ಣುಗಳು ತೆರೆದಿದ್ದವು. ಅವು ಮೇಲೆ ನೋಡುತ್ತಿದ್ದವು, ಮಗನ ಮುಖವನ್ನೇ. ಇಲ್ಲಿಂದ ನೋಡಿದರೆ ಹೀಗೆ ಕಾಣುತ್ತದೆಯೇ ಎಂದುಕೊಂಡ ವೀರೇಶ. ನಾನು ಅವನಿಗೆ ಹೀಗೆ ಕಾಣುತ್ತಿದ್ದೆನೇ? ಸುತ್ತಲಿನ ಸದ್ದೆಲ್ಲ ಅಡಗಿತ್ತು. ಎದೆಯ ಗಂಟು ಬಿಚ್ಚುತ್ತಿತ್ತು, ದಿನವೂ ಬಿಚ್ಚುವ ಹಾಗೆ, ಅದಕ್ಕಿಂತ ಚೆನ್ನಾಗಿ. ಇಷ್ಟು ದಿನ ಕೈ ತಾನಾಗಿ ಹೋಯಿತು, ಕೈ ತಾನಾಗಿ ಸುರಿಯಿತು ಎಂದು ತನಗೆ ತಾನೇ ಹೇಳಿಕೊಂಡು ಬಂದಿದ್ದ. ಈಗ ಬೆರಳುಗಳ ಕೆಳಗೆ ಹಿಂಗತ್ತಿನ ನರ ಹೊಡೆದುಕೊಳ್ಳುವುದು ಒಂದೊಂದಾಗಿ ತಿಳಿಯುತ್ತಿತ್ತು. ಕೈ ತನ್ನದೇ. ಒತ್ತುತ್ತಿರುವವನು ತಾನೇ. ಅಪ್ಪನ ಎಡಗೈ ಕೊರಳಿಂದ ಜಾರಿ ಅವನ ಎದೆಗೆ ಬಡಿಯತೊಡಗಿತು, ಬಾಗಿಲು ತಟ್ಟಿದ ಹಾಗೆ, ಜೋರಾಗಿ ಅಲ್ಲ.

"ವೀರೂ!"

ಅಕ್ಕ ಸೀರೆಯುಟ್ಟಂತೆಯೇ ನೀರಿಗಿಳಿದು ಬರುತ್ತಿದ್ದಳು. ಅವಳ ಕೂಗು ಮೊದಲೋ ತಾನು ಎತ್ತಿದ್ದು ಮೊದಲೋ ಎಂಬುದು ವೀರೇಶನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಅಪ್ಪನ ತಲೆ ಹೊರಬಂತು. ಬಾಯಿ ತೆರೆದೇ ಇತ್ತು, ಸದ್ದಿರಲಿಲ್ಲ. ಅಕ್ಕ ಅಪ್ಪನನ್ನು ಎಳೆದುಕೊಂಡು ಬೆನ್ನಿಗೆ ಗುದ್ದಿದಳು. ಹುಲ್ಲಪ್ಪ ಓಡಿ ಬಂದ. ಮೆಟ್ಟಿಲ ಮೇಲೆ ಮಗ್ಗಲಾಗಿ ಮಲಗಿಸಿದಾಗ ಅಂದಾನಪ್ಪ ನೀರು ಕಾರಿ, ಕರ್ಕಶವಾಗಿ ಉಸಿರೆಳೆದ. ಮತ್ತೆ ಎಳೆದ. ಬದುಕಿದ್ದ.

"ಕಾಲ ಜಾರಿತು" ಎಂದಳು ಮುತ್ತವ್ವ ಎಲ್ಲರಿಗೂ ಕೇಳುವಂತೆ. "ಪಾಚಿ ಐತಿ ಅಲ್ಲಿ. ಕಾಲ ಜಾರಿಬಿಡ್ತು ಹುಡುಗಂದು."

ಅದೇ ದನಿ. ಹಿಟ್ಟು ನಾದುತ್ತ ಹೇಳಿದ್ದ ಅದೇ ಸರಾಗ. ಅಂದು ಅದು ಗಂಡನನ್ನು ಕಾಪಾಡಿತ್ತು. ಇಂದು ಮಗನನ್ನು ಕಾಪಾಡಲು ಬಂದಿತ್ತು. ಜನ ಅಯ್ಯೋ ಪಾಪ ಎಂದರು, ಪೂಜಾರಿ ಮೆಟ್ಟಿಲು ತಿಕ್ಕಿಸಬೇಕು ಎಂದರು, ಕಸ್ತೂರಿ ಓಡಿ ಬಂದು ಗಂಡನ ತೋಳು ಹಿಡಿದು "ನಿಮಗೇನ ಆಗಿಲ್ಲಲ್ಲರಿ?" ಎಂದಳು. ಹೂಂ ಎಂದರೆ ಸಾಕಿತ್ತು. ನಾಳೆ ಬೆಳಿಗ್ಗೆ ಮತ್ತೆ ಹಂಡೆ, ಮಣೆ, ತಂಬಿಗೆ. ಓಣಿಯಲ್ಲಿ ಮತ್ತೆ ಒಳ್ಳೆಯ ಹೆಸರು.

"ಜಾರಲಿಲ್ಲ" ಎಂದ ವೀರೇಶ.

"ಹಾಂ?" ಎಂದಳು ಕಸ್ತೂರಿ.

"ನಾ ಜಾರಲಿಲ್ಲ. ಹಿಡದಿದ್ನಿ ಒಳಗ. ಮನ್ಯಾಗೂ ದಿನಾ ಮಾಡ್ತೇನಿ. ಕೆಮ್ಮ ಕೇಳತಿದ್ದಿ ಅಲ್ಲಾ, ಅದು ತಾನ ಮೂಗಿನ್ಯಾಗ ನೀರ ಹೋಗಿ ಬಂದದ್ದಲ್ಲ."

"ಏ, ಏನ ಮಾತಾಡ್ತಿ ನೀ? ಹೆದರ್ಯಾನ ಅಂವ" ಎಂದಳು ಮುತ್ತವ್ವ. "ಜಾರಿದಿ ನೀ. ನಾ ನೋಡೇನಲ್ಲಾ."

"ಇಲ್ಲ ಯವ್ವಾ" ಎಂದಳು ಶಂಕ್ರವ್ವ. ಅವಳ ಸೀರೆಯಿಂದ ನೀರು ಸುರಿಯುತ್ತಿತ್ತು, ಅಪ್ಪನ ತಲೆ ಅವಳ ತೊಡೆಯ ಮೇಲಿತ್ತು. "ಈಗೂ ಜಾರಲಿಲ್ಲ. ಆವಾಗೂ ಜಾರಿರಲಿಲ್ಲ."

ಕಸ್ತೂರಿ ಗಂಡನ ತೋಳು ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು. ಹಿಂದೆ ಸರಿಯುವಾಗ ಮಗಳನ್ನು ಬೆನ್ನ ಹಿಂದೆ ಎಳೆದುಕೊಂಡಳು. ಅದನ್ನು ವೀರೇಶ ನೋಡಿದ. ಬೈದಿದ್ದರೂ ಅಷ್ಟು ತಾಗುತ್ತಿರಲಿಲ್ಲ. "ಆವಾಗ ಅಂದ್ರ ಯಾವಾಗ?" ಎಂದು ಕೇಳಿದಳು ಅವಳು. ಅವಳು ಮಗಳನ್ನು ಹುಲ್ಲಪ್ಪನ ಜೊತೆ ಮಂಡಕ್ಕಿ ತಿನ್ನಲು ಕಳಿಸಿದಳು. ಆಮೇಲೆ ಚೀಲದಿಂದ ಒಣಗಿದ ಧೋತರ ತೆಗೆದು ಗಂಡನ ಕಡೆ ಎಸೆದಳು. "ಅರಿವಿ ಬದಲಸ್ರಿ ಮೊದಲ. ಬದಲಸಿ ಹೇಳ್ರಿ. ಕೇಳ್ತೇನಿ."

ಹೇಳಿದ. ಮಂಟಪದ ಕಂಬಗಳ ನಡುವೆ ನಡುಗುತ್ತ ಕುಳಿತು, ಮೂವತ್ತಾರು ವರ್ಷದ ಮಾಸ್ತರ, ಹಿಂದುಮುಂದಾಗಿ, ನಡುನಡುವೆ ನಿಲ್ಲಿಸಿ ಹೇಳಿದ. ಮರೆತಲ್ಲಿ ಅಕ್ಕ ಹೇಳಿದಳು. ಕೂಡಲಸಂಗಮದ ಧೋತರದ ಮಾತನ್ನೂ ಹೇಳಿದ. ಕಂಬಳಿ ಹೊದೆಸಿ ಕೂರಿಸಿದ್ದ ಅಂದಾನಪ್ಪನಿಗೆ ಎಲ್ಲವೂ ಕೇಳಿಸುವಷ್ಟು ಹತ್ತಿರವಿತ್ತು. ಅವನಿಗೆ ಎಷ್ಟು ತಿಳಿಯಿತೋ ಯಾರಿಗೆ ಗೊತ್ತು. ಬಾವಿ ಎಂಬ ಮಾತು ಬಂದಾಗ ಅವನ ಎಡಗೈ ಕಂಬಳಿಯ ಅಂಚನ್ನು ತಡಕಾಡಿ ಹಿಡಿದು ಮೆಲ್ಲಗೆ ಮೇಲಕ್ಕೆಳೆದು ಮುಖ ಮುಚ್ಚಿತು. ಚಳಿಗೋ, ಮತ್ತೇತಕ್ಕೋ. ವೀರೇಶ ಆ ಮುಚ್ಚಿದ ಮುಖದ ಕಡೆ ನೋಡುತ್ತ, ಇದರಿಂದ ತನಗೆ ಏನಾದರೂ ಆಗಬೇಕು, ಸಿಟ್ಟೋ ಕನಿಕರವೋ ಬರಬೇಕು ಎಂದು ಕಾದ. ಬರಿಯ ಆಯಾಸವಾಯಿತು.

ಮುಂದಿನದನ್ನು ಶಂಕ್ರವ್ವನೇ ತೀರ್ಮಾನಿಸಿದಳು. ಅಪ್ಪನನ್ನು ಮೊದಲು ಬಾದಾಮಿಯ ದವಾಖಾನೆಗೆ ತೋರಿಸುವುದು, ಅಲ್ಲಿಂದ ಕೆರೂರಿಗೆ ತನ್ನ ಮನೆಗೆ ಕರೆದೊಯ್ಯುವುದು. "ನಾ ಏನ ದೊಡ್ಡಾಕಿ ಆಗಾಕ ಹೊಂಟಿಲ್ಲ. ನಮ್ಮ ಮನ್ಯಾಗ ಯಾರೂ ನೀರ ಹಾಕೂದಿಲ್ಲ, ಒರಸತಾರ. ಅಷ್ಟಕ್ಕ" ಎಂದಳು. ಡಾಕ್ಟರು ಎದೆ ಪರೀಕ್ಷಿಸಿ, ನೀರು ಉಳಿದಿಲ್ಲ, ಎರಡು ದಿನ ಜ್ವರ ನೋಡಿಕೊಳ್ಳಿ ಎಂದರು. ಕೆರೂರಿನ ಬಸ್ಸಿಗೆ ಅಂದಾನಪ್ಪನನ್ನು ಹತ್ತಿಸಿದವನು ಹುಲ್ಲಪ್ಪ. ವೀರೇಶ ದೂರ ನಿಂತಿದ್ದ. ಮುತ್ತವ್ವ ಗಂಡನ ಜೊತೆ ಹೊರಟಳು. ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟವಳು ಇಳಿದು ಮಗನ ಹತ್ತಿರ ಬಂದಳು. ಮುಖ ನೋಡಲಿಲ್ಲ, ಅವನ ಅಂಗಿಯ ಗುಂಡಿ ನೋಡುತ್ತ ಹೇಳಿದಳು: "ಆವಾಗ ಬಾವ್ಯಾಗ ಅರಿವಿ ಒಗದ ಮುಗದಿರತಿದ್ವು. ಮುಗದಿದ್ರೂ ಒಗೀತಿದ್ನಿ ನಾ." ಆಮೇಲೆ ಹೋಗಿ ಬಸ್ಸು ಹತ್ತಿದಳು.

ಮರಳಿ ಬರುವಾಗ ಟ್ರ್ಯಾಕ್ಸಿನಲ್ಲಿ ಜಾಗ ಬಹಳ ಉಳಿದಿತ್ತು. ಆದರೂ ಕಸ್ತೂರಿ ಮಗಳನ್ನು ಕಿಟಕಿಯ ಬದಿಗೆ ಕೂರಿಸಿ, ತಾನು ನಡುವೆ ಕುಳಿತಳು. ಹೊತ್ತು ಇಳಿಯುತ್ತಿತ್ತು. ಇಷ್ಟು ದಿನ ಯಾರಿಗೂ ಗೊತ್ತಾಗಬಾರದೆಂದು ಹೆದರಿದ್ದ ವೀರೇಶನಿಗೆ ಈಗ ಹೆದರಿಕೆ ಹೋಗಿರಲಿಲ್ಲ, ಬೇರೆ ಕಡೆ ತಿರುಗಿತ್ತು ಅಷ್ಟೇ. ಮನೆಯಲ್ಲಿ ಇನ್ನು ಮುದುಕನಿಲ್ಲ. ಆದರೆ ಕೈ ಮನೆಗೆ ಬರುತ್ತಿದೆ. ಗುಡೂರು ಇನ್ನೂ ದೂರವಿತ್ತು. ಸಪ್ನಾ ಕಸ್ತೂರಿಯ ಮಡಿಲ ಮೇಲಿಂದ ಬಗ್ಗಿ ವೀರೇಶನ ಮುಖ ನೋಡಿದಳು.

"ಪಪ್ಪಾ, ನೀ ನನಗೂ ಹಂಗ ಮಾಡ್ತಿಯೇನು?"

ಇಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಾವಿಗೆ ಹೋಗುವ ಮೊದಲು ಯಾರಾದರೂ ಕೇಳಿದ್ದರೆ ಅಂದಾನಪ್ಪನೂ ಇಲ್ಲ ಎಂದೇ ಹೇಳುತ್ತಿದ್ದ, ಮನಸಾರೆ ಹೇಳುತ್ತಿದ್ದ. ಕಸ್ತೂರಿ ತಿರುಗಲಿಲ್ಲ, ಆದರೆ ಅವಳ ಇಡೀ ಮೈ ಉತ್ತರಕ್ಕೆ ಕಿವಿಗೊಟ್ಟಿರುವುದು ತಿಳಿಯುತ್ತಿತ್ತು.

"ಮಾಡಬಾರದು ಅಂತ ನನ್ನ ಮನಸಿನ್ಯಾಗ ಐತಿ" ಎಂದ ವೀರೇಶ. "ಆದ್ರ ನಾ ಏನರ ಹಂಗ ಮಾಡಾಕ ಬಂದ್ರ, ನಾ ಅಂತಲ್ಲ, ಯಾರ ಬಂದ್ರೂ, ಸುಮ್ಮ ಇರಬ್ಯಾಡ. ಉಸರ ಹಿಡೀಬ್ಯಾಡ. ಒದರು. ಓಣಿಗೆಲ್ಲಾ ಕೇಳೂವಂಗ ಒದರು. ನಿಮ್ಮವ್ವ ಬರತಾಳ."

"ಹೆಂಗ ಒದರಬೇಕು?"

"ನಿನಗ ಹೆಂಗ ಬರತೈತಿ ಹಂಗ."

ಸಪ್ನಾ ಕಣ್ಣು ಮುಚ್ಚಿ, ಬಾಯಿ ತೆರೆದು, ಟ್ರ್ಯಾಕ್ಸಿನ ತಗಡೆಲ್ಲ ನಡುಗುವಂತೆ ಚೀರಿದಳು. ಹುಲ್ಲಪ್ಪ ಗಕ್ಕನೆ ಬ್ರೇಕು ಒತ್ತಿದ. ಗಾಡಿ ರಸ್ತೆಯ ಬದಿಯ ಮಣ್ಣಿಗೆ ಜಗ್ಗಿ ನಿಂತಿತು. "ಏನಾತ್ರೀ ಮಾಸ್ತರ?" ಎಂದು ಗಾಬರಿಯಿಂದ ಹಿಂದೆ ತಿರುಗಿದ.

ವೀರೇಶ ಬಾಯಿ ತೆರೆಯುವ ಮೊದಲೇ, ಬಾದಾಮಿ ಬಿಟ್ಟಾಗಿನಿಂದ ಒಂದು ಮಾತೂ ಆಡದಿದ್ದ ಕಸ್ತೂರಿ ಹೇಳಿದಳು:

"ಏನಿಲ್ಲ, ನೀ ನಡಿ ಹುಲ್ಲಪ್ಪಾ. ಆಕಿ ಇನ್ನೊಮ್ಮೆ ಒದರತಾಳ."